ರೆನಾಲ್ಡ್ಸ್ ಕಾಲಿಸಿಯಂ: ಹಾಸ್ಟೆಲಿನಿಂದ ನಡೆದು ಹೋಗಬಹುದಾಗಿದ್ದ ಕ್ರೀಡಾಂಗಣ

ಗಂಟೆಗೋಪುರ (ಜವಳಿ ವಿಭಾಗ, 1980ರ ದಶಕ)

ಅಮೆರಿಕದ ರಾಲಿ ನಗರದ ನಾರ್ತ್ ಕ್ಯಾರೊಲೈನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದಿದವರು ಈ ಬಳಗದಲ್ಲಿ ಹಲವರಿರುವುದರಿಂದ ರೆನಾಲ್ಡ್ಸ್ ಕಾಲಿಸಿಯಂ ಬಗ್ಗೆ ಒಂದು ಚರ್ಚೆಯಾಗಲಿ ಎಂದು ಬರೆಯುತ್ತಿದ್ದೇನೆ. 1949ರ ಡಿಸೆಂಬರ್ 2ರಂದು ವಾಷಿಂಗ್ಟನ್ ಅಂಡ್ ಲೀ ತಂಡದ ವಿರುದ್ಧದ ಪಂದ್ಯದೊಂದಿಗೆ ಬಾಗಿಲು ತೆರೆದ ಆ ಕಟ್ಟಡದಲ್ಲಿ ನಮ್ಮ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ 1999ರವರೆಗೆ ಆಡಿತು. ಆಮೇಲೆ ತಂಡ ಊರಂಚಿನ ಹೊಸ ಅರೀನಾಕ್ಕೆ ಹೋಯಿತು. 12,400 ಜನರಿಗೆ ಜಾಗವಿದ್ದ ಹಳೆಯ ಕಟ್ಟಡ, 2016ರಲ್ಲಿ ಮುಗಿದ ನವೀಕರಣದ ನಂತರ 5,500 ಆಸನಗಳಿಗೆ ಇಳಿಯಿತು.

ನನ್ನ ವಾದ ಇಷ್ಟೇ. ರೆನಾಲ್ಡ್ಸ್ ನಮಗೆ ಪ್ರಿಯವಾದದ್ದು ಅದು ಸುಂದರವಾಗಿತ್ತು ಎಂಬುದಕ್ಕಲ್ಲ; ನಾವು ಎದ್ದು, ತಿಂದು, ಓದಿ, ಮಲಗುವ ಜಾಗದ ನಟ್ಟನಡುವೆ ಅದು ಇತ್ತು ಎಂಬುದಕ್ಕೆ. ನಮ್ಮ ಕ್ಯಾಂಪಸ್ಸನ್ನು ರೈಲು ಹಳಿಗಳು ಎರಡು ಪಾಲು ಮಾಡುವುದು ನಿಮಗೆಲ್ಲ ತಿಳಿದಿದೆ. ಆಗ ಜವಳಿ ವಿಭಾಗವಿದ್ದ ನೆಲ್ಸನ್ ಹಾಲಿನಿಂದ ಹೊರಬಿದ್ದು, ಹಳಿಯ ಕೆಳಗಿನ ಸುರಂಗ ದಾಟಿದರೆ ಎದುರಿಗೇ ರೆನಾಲ್ಡ್ಸ್. ನೂಲಿನ ಬಿಗಿತ ಅಳೆಯುವ ಪ್ರಯೋಗ ಅರ್ಧಕ್ಕೆ ನಿಂತಿದ್ದರೂ ಪಂದ್ಯ ನೋಡಿ ಮರಳಿ ಬಂದು ಅದನ್ನು ಮುಗಿಸಬಹುದಾಗಿತ್ತು. ದಾವಣಗೆರೆಯಲ್ಲಿ ಜವಳಿ ತಂತ್ರಜ್ಞಾನ ಓದಿ, ಬ್ಯಾಸ್ಕೆಟ್‌ಬಾಲ್ ಎಂದರೆ ಸಂಜೆ ಹೊತ್ತು ಸಿಮೆಂಟಿನ ಅಂಕಣದಲ್ಲಿ ಹತ್ತು ಹುಡುಗರು ಆಡುವ ಆಟ ಎಂದುಕೊಂಡು ಬಂದವನಿಗೆ, ಆ ಆಟಕ್ಕಾಗಿ ಹನ್ನೆರಡು ಸಾವಿರ ಜನ ಒಂದೇ ಸೂರಿನಡಿ ಸೇರುತ್ತಾರೆ ಎಂಬುದನ್ನು ನಂಬುವುದಕ್ಕೇ ಸಮಯ ಹಿಡಿಯಿತು.

ಪಂದ್ಯಕ್ಕೆ ಮೊದಲೇ ಆ ಕಟ್ಟಡದ ಪರಿಚಯವಾಗುತ್ತಿತ್ತು ಎಂಬುದನ್ನೂ ಹೇಳಬೇಕು. ಸೆಮಿಸ್ಟರಿನ ಆರಂಭದಲ್ಲಿ ಕೋರ್ಸುಗಳನ್ನು ಬದಲಿಸಿಕೊಳ್ಳಲು ನಾವು ಸಾಲು ನಿಲ್ಲುತ್ತಿದ್ದುದು ಅಲ್ಲಿಯೇ. ಸೈನಿಕ ತರಬೇತಿಯ ಹುಡುಗರ ಕಚೇರಿಗಳು ಅಲ್ಲಿದ್ದವು. ಸರ್ಕಸ್ಸು, ಸಂಗೀತ ಕಛೇರಿ, ಭಾಷಣ ಎಲ್ಲಕ್ಕೂ ಅದೇ ಜಾಗ. ರೋಲಿಂಗ್ ಸ್ಟೋನ್ಸ್ ತಂಡ 1965ರಲ್ಲಿ ಹಾಡಿದ್ದೂ ಅಲ್ಲಿಯೇ. ಒಂದು ಕಟ್ಟಡಕ್ಕೆ ಅಷ್ಟೊಂದು ಕೆಲಸಗಳಿದ್ದಾಗ ಆಟದ ಗಂಧವೇ ಇಲ್ಲದ ವಿದ್ಯಾರ್ಥಿಗೂ ಅದರ ಋಣ ಇದ್ದೇ ಇರುತ್ತದೆ. ಹೊಸ ಅರೀನಾದಲ್ಲಿ ಪಂದ್ಯ ನೋಡಿದ್ದೇನೆ. ಆಸನ ಮೆತ್ತಗಿದೆ, ಪರದೆ ದೊಡ್ಡದಿದೆ. ಆದರೆ ಅಲ್ಲಿಗೆ ಹೋಗಬೇಕೆಂದರೆ ಬಸ್ಸು ಅಥವಾ ಕಾರು ಹಿಡಿಯಲೇಬೇಕು. ದಾರಿಹೋಕನಾಗಿ ಯಾರೂ ಅಲ್ಲಿಗೆ ಹೋಗಲಾರರು.

ತಂಡವನ್ನು ಸ್ಥಳಾಂತರಿಸಿದ್ದು ಸರಿಯೇ? ನಿಮ್ಮ ಅಭಿಪ್ರಾಯಗಳನ್ನೂ ನಿಮ್ಮ ಕಾಲದ ಕ್ಯಾಂಪಸ್ಸಿನ ನೆನಪುಗಳನ್ನೂ ಬರೆಯಿರಿ.

ಹ್ಯಾರೆಲ್ಸನ್ ಸಂತ್ರಸ್ತ (ಗಣಿತ ವಿಭಾಗ, 1990ರ ದಶಕ)

ಗಂಟೆಗೋಪುರ ಸರ್, ಮೊದಲು ನಿಮ್ಮ ಅಡ್ಡಹೆಸರಿನ ಬಗ್ಗೆ ಒಂದು ಮಾತು. ನಾವಿಬ್ಬರೂ ಓದುತ್ತಿದ್ದಾಗ ನಮ್ಮ ಕ್ಯಾಂಪಸ್ಸಿನ ಆ ಗೋಪುರದಲ್ಲಿ ಗಂಟೆಗಳೇ ಇರಲಿಲ್ಲ; ಧ್ವನಿವರ್ಧಕದಿಂದ ಬರುತ್ತಿದ್ದ ನಾದವನ್ನೇ ಗಂಟೆ ಎಂದು ನಂಬಿಕೊಂಡಿದ್ದೆವು. ಮೊದಲನೆಯ ಮಹಾಯುದ್ಧದಲ್ಲಿ ಮಡಿದವರ ಸ್ಮಾರಕವಾಗಿ 1921ರಲ್ಲಿ ಅಡಿಗಲ್ಲು ಬಿದ್ದ ಗೋಪುರಕ್ಕೆ ನಿಜವಾದ ಗಂಟೆಗಳು ಬಂದದ್ದು 2021ರಲ್ಲಿ.

ನನ್ನ ಹೆಸರಿನ ಅರ್ಥ ಹಳಬರಿಗೆ ಗೊತ್ತಾಗಿರುತ್ತದೆ. ಗಣಿತದ ತರಗತಿಗಳು ನಡೆಯುತ್ತಿದ್ದ ಹ್ಯಾರೆಲ್ಸನ್ ಹಾಲ್ ಎಂಬ ಆ ದುಂಡನೆಯ ಕಟ್ಟಡದಲ್ಲಿ ಮೆಟ್ಟಿಲುಗಳಿಗಿಂತ ಸುರುಳಿ ಇಳಿಜಾರಿನದೇ ಕಾರುಬಾರು. ಕಿಟಕಿಯಿಲ್ಲದ ಕೋಣೆಗಳು ಒಂದು ಬದಿಗೆ ಅಗಲವಾಗಿ, ಇನ್ನೊಂದು ಬದಿಗೆ ಚೂಪಾಗಿ ಇದ್ದುದರಿಂದ ಕರಿಹಲಗೆಯೂ ಬಾಗಿದಂತೆ ತೋರುತ್ತಿತ್ತು. ಬೋಧನಾ ಸಹಾಯಕನಾಗಿ ಅಲ್ಲಿ ಕಲನಶಾಸ್ತ್ರ ಹೇಳಿಕೊಟ್ಟಿರುವ ನನಗೆ 2016ರಲ್ಲಿ ಅದನ್ನು ಕೆಡವಿದಾಗ ಒಂದಿಷ್ಟೂ ದುಃಖವಾಗಲಿಲ್ಲ. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಹಳೆಯದೆಲ್ಲ ಒಳ್ಳೆಯದು ಎನ್ನುವ ಗುಂಪಿಗೆ ನಾನು ಸೇರಿದವನಲ್ಲ. ಹ್ಯಾರೆಲ್ಸನ್ ಹೋದದ್ದು ಒಳ್ಳೆಯದಾಯಿತು ಎನ್ನುವ ನಾಲಿಗೆಯೇ ರೆನಾಲ್ಡ್ಸ್ ಬರಿದಾದದ್ದು ತಪ್ಪು ಎಂದೂ ಹೇಳುತ್ತಿದೆ.

ಅಲ್ಲಿನ ಗದ್ದಲಕ್ಕೆ ಕಟ್ಟಡದ ವಿಚಿತ್ರ ಆಕಾರವೇ ಕಾರಣ. ಡ್ಯೂಕ್ ವಿಶ್ವವಿದ್ಯಾಲಯದ ಒಳಾಂಗಣ ಕ್ರೀಡಾಂಗಣದ ಮಾದರಿಯಲ್ಲಿ ನಕ್ಷೆ ತಯಾರಾಗಿ ಉಕ್ಕಿನ ಚೌಕಟ್ಟು ಎದ್ದು ನಿಲ್ಲುವಷ್ಟರಲ್ಲಿ ಎರಡನೆಯ ಮಹಾಯುದ್ಧದಿಂದಾಗಿ ಕೆಲಸ ನಿಂತುಹೋಯಿತು. 1946ರಲ್ಲಿ ಇಂಡಿಯಾನಾದಿಂದ ಕೋಚ್ ಆಗಿ ಬಂದ ಎವರೆಟ್ ಕೇಸ್ ಅವರಿಗೆ ಡ್ಯೂಕಿಗಿಂತ ದೊಡ್ಡ ಅಂಗಣ ಬೇಕಿತ್ತು. ಚೌಕಟ್ಟು ಆಗಲೇ ನಿಂತಿದ್ದರಿಂದ ಅಗಲ ಹೆಚ್ಚಿಸುವಂತಿರಲಿಲ್ಲ. ಎರಡೂ ತುದಿಗಳಲ್ಲಿ ಉದ್ದ ಹೆಚ್ಚಿಸಿದರು. ಹಾಗಾಗಿ ರೈಲು ಬೋಗಿಯಂತೆ ಉದ್ದನೆಯ, ಇಕ್ಕಟ್ಟಾದ ಕಟ್ಟಡ ನಮ್ಮ ಪಾಲಿಗೆ ಬಂತು. ಅಕ್ಕಪಕ್ಕದ ಸಾಲಿನವರು ಆಟಗಾರರ ಉಸಿರು ಕೇಳುವಷ್ಟು ಹತ್ತಿರ. ಬುಟ್ಟಿಗಳ ಹಿಂದೆ ಕುಳಿತವರಿಗೆ ಆಚೆ ತುದಿಯ ಬುಟ್ಟಿ ಬೇರೊಂದು ಊರಿನಲ್ಲಿದ್ದಂತೆ.

ಚಾವಣಿಯಿಂದ ತೂಗುತ್ತಿದ್ದ ಶಬ್ದಮಾಪಕ ಯಾರಿಗಾದರೂ ನೆನಪಿದೆಯೇ? ಜನ ಕೂಗಿದಷ್ಟೂ ದೀಪಗಳು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ತುತ್ತತುದಿಯ ದೀಪ ಹತ್ತುವವರೆಗೂ ಯಾರೂ ಬಾಯಿ ಮುಚ್ಚುತ್ತಿರಲಿಲ್ಲ. ಅದು ಶಬ್ದವನ್ನು ಅಳೆಯುತ್ತಲೇ ಇರಲಿಲ್ಲ, ಯಾರೋ ಒಬ್ಬರು ಕುಳಿತು ಕೈಯಿಂದ ದೀಪ ಹತ್ತಿಸುತ್ತಿದ್ದರು ಎಂಬುದು ನಮ್ಮಲ್ಲಿ ಬಹಳ ಪ್ರಚಲಿತವಾದ ಕಥೆ. ಮಾಪನಶಾಸ್ತ್ರ ಓದಿದವರು ಇದನ್ನು ಮೋಸ ಎನ್ನಬಹುದು. ನನಗಂತೂ ಅದು ಹನ್ನೆರಡು ಸಾವಿರ ಜನರನ್ನು ಒಂದು ಸ್ವಿಚ್ಚಿನಿಂದ ಕುಣಿಸಿದ ಜಾಣತನವಾಗಿ ಕಾಣುತ್ತದೆ.

ನಲವತ್ತನಾಲ್ಕು (ಸಿವಿಲ್ ವಿಭಾಗ, 1970ರ ದಶಕ)

ಇಲ್ಲಿರುವವರಲ್ಲಿ ಬಹುಶಃ ನಾನೇ ಹಿರಿಯ. ಆದ್ದರಿಂದ ನೀವು ಯಾರೂ ನೋಡಿರದ ಒಬ್ಬ ಆಟಗಾರನ ಬಗ್ಗೆ ಬರೆಯುವ ಹಕ್ಕು ನನಗಿದೆ ಎಂದು ಭಾವಿಸುತ್ತೇನೆ. ಡೇವಿಡ್ ಥಾಂಪ್ಸನ್ ನಾರ್ತ್ ಕ್ಯಾರೊಲೈನಾದ ಶೆಲ್ಬಿ ಕಡೆಯ ಹುಡುಗ. ಅಂಗಿಯ ಮೇಲಿನ ಅಂಕಿ 44. ನಿಂತಲ್ಲಿಂದ ಅವನು ನೆಗೆಯುತ್ತಿದ್ದ ಎತ್ತರವೂ 44 ಅಂಗುಲ ಎಂದೇ ಜನ ಹೇಳುತ್ತಿದ್ದರು. ಅವನ ಜೊತೆಗೆ ಏಳು ಅಡಿಗೂ ಮೀರಿದ ಟಾಮ್ ಬರ್ಲೆಸನ್, ಅವರಿಬ್ಬರ ನಡುವೆ ಮಗುವಿನಂತೆ ಕಾಣುತ್ತಿದ್ದ ಮಾಂಟಿ ಟೋ. ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ 1967ರಿಂದ 1976ರವರೆಗೆ ಡಂಕ್ ಮಾಡುವುದು ನಿಷಿದ್ಧವಾಗಿತ್ತು ಎಂದು ಹೇಳಿದರೆ ಇಂದಿನ ಹುಡುಗರು ನಗುತ್ತಾರೆ. ಚೆಂಡನ್ನು ಬುಟ್ಟಿಯೊಳಕ್ಕೆ ಬಡಿಯುವಂತಿಲ್ಲ ಎಂಬ ಕಾರಣಕ್ಕೇ ಟೋ ದೂರದಿಂದ ಬುಟ್ಟಿಯ ಮೇಲಕ್ಕೆ ಚೆಂಡನ್ನು ತೇಲಿಬಿಡುವುದು, ಥಾಂಪ್ಸನ್ ಗಾಳಿಯಲ್ಲೇ ಅದನ್ನು ಹಿಡಿದು ಮೆಲ್ಲಗೆ ಒಳಗೆ ಇಳಿಸುವುದು, ಇದು ನಮ್ಮ ತಂಡದ ಅಸ್ತ್ರವಾಯಿತು. ಅಲಿ-ಊಪ್ ಎಂದು ಇಂದು ಎಲ್ಲರೂ ಆಡುವುದನ್ನು ಊರಿಗೆಲ್ಲ ಚೆನ್ನಾಗಿ ಪರಿಚಯಿಸಿದವರು ಇವರೇ.

1972–73ರಲ್ಲಿ ತಂಡ 27 ಪಂದ್ಯಗಳನ್ನು ಆಡಿ 27ನ್ನೂ ಗೆದ್ದಿತು. ಆದರೆ ಥಾಂಪ್ಸನ್ ಅವರನ್ನು ಕಾಲೇಜಿಗೆ ಸೇರಿಸಿಕೊಂಡಾಗ ನಿಯಮ ಮೀರಲಾಗಿದೆ ಎಂಬ ಕಾರಣಕ್ಕೆ ರಾಷ್ಟ್ರೀಯ ಟೂರ್ನಿಯಲ್ಲಿ ಆಡಲು ಅವಕಾಶ ಸಿಗಲಿಲ್ಲ. ಮರುವರ್ಷದ ಪ್ರಾದೇಶಿಕ ಹಂತ ನಡೆದದ್ದು ನಮ್ಮ ರೆನಾಲ್ಡ್ಸ್‌ನಲ್ಲೇ. ಪಿಟ್ಸ್‌ಬರ್ಗ್ ವಿರುದ್ಧದ ಆ ಪಂದ್ಯದಲ್ಲಿ ಚೆಂಡು ತಡೆಯಲು ನೆಗೆದ ಥಾಂಪ್ಸನ್ ಕಾಲು ಸಹಆಟಗಾರನ ಭುಜಕ್ಕೆ ತಗುಲಿ, ತಲೆ ಕೆಳಗಾಗಿ ನೆಲಕ್ಕೆ ಬಿದ್ದರು. ಶಬ್ದಮಾಪಕದ ಬಗ್ಗೆ ಬರೆದ ಗೆಳೆಯರೇ, ಆ ಕಟ್ಟಡದಲ್ಲಿ ಸದ್ದೇ ಇಲ್ಲದ ಕ್ಷಣವನ್ನೂ ನಾನು ಕಂಡಿದ್ದೇನೆ. ಆಸ್ಪತ್ರೆಗೆ ಕರೆದೊಯ್ದು ಹೊಲಿಗೆ ಹಾಕಿಸಿ, ತಲೆಗೆ ಬಿಳಿಯ ಪಟ್ಟಿ ಸುತ್ತಿಸಿಕೊಂಡು ಪಂದ್ಯ ಮುಗಿಯುವ ಮೊದಲೇ ಅವರು ಒಳಗೆ ಬಂದರು. ಗೋಡೆಗಳು ಆ ದಿನ ಹೇಗೆ ತಡೆದುಕೊಂಡವು ಎಂಬುದು ಸಿವಿಲ್ ಎಂಜಿನಿಯರನಾದ ನನಗೆ ಇಂದಿಗೂ ಕುತೂಹಲದ ವಿಷಯ. ಮುಂದಿನ ವಾರ ಗ್ರೀನ್ಸ್‌ಬರೊ ನಗರದಲ್ಲಿ, ಸತತ ಏಳು ವರ್ಷ ಚಾಂಪಿಯನ್ ಆಗಿದ್ದ ಕ್ಯಾಲಿಫೋರ್ನಿಯಾದ ಯುಸಿಎಲ್ಎ ತಂಡವನ್ನು ಎರಡು ಹೆಚ್ಚುವರಿ ಅವಧಿಗಳ ಸೆಮಿಫೈನಲ್‌ನಲ್ಲಿ 80–77ರಿಂದಲೂ, ಫೈನಲ್‌ನಲ್ಲಿ ಮಾರ್ಕೆಟ್ ತಂಡವನ್ನು 76–64ರಿಂದಲೂ ಸೋಲಿಸಿದೆವು.

1975ರಲ್ಲಿ ತವರಿನ ಕೊನೆಯ ಪಂದ್ಯದಲ್ಲಿ ಥಾಂಪ್ಸನ್ ನಿಷೇಧವನ್ನು ಲೆಕ್ಕಿಸದೆ ಒಂದು ಡಂಕ್ ಮಾಡಿಯೇಬಿಟ್ಟರು. ರೆಫರಿ ತಾಂತ್ರಿಕ ಫೌಲ್ ಕೊಟ್ಟರು, ಬುಟ್ಟಿ ಲೆಕ್ಕಕ್ಕೆ ಬರಲಿಲ್ಲ. ಆ ವರ್ಷಗಳಲ್ಲಿ ನಾನು ನೋಡಿದ ಬುಟ್ಟಿಗಳಲ್ಲಿ ಲೆಕ್ಕಕ್ಕೆ ಸಿಗದ ಅದೊಂದೇ ನನಗೆ ಸ್ಪಷ್ಟವಾಗಿ ನೆನಪಿದೆ. 2023ರಲ್ಲಿ ಅವರ ಪ್ರತಿಮೆ ನಿಲ್ಲಿಸಿದರು. ಹೊಸ ಅರೀನಾದ ಮುಂದೆ ಅಲ್ಲ, ರೆನಾಲ್ಡ್ಸ್ ಮುಂದೆ. ಸ್ಥಳಾಂತರ ಮಾಡಿದ ಆಡಳಿತಕ್ಕೂ ಮನಸ್ಸಿನೊಳಗೆ ಸರಿಯಾದ ಜಾಗ ಯಾವುದೆಂದು ಗೊತ್ತಿತ್ತು ಎಂದೇ ನನ್ನ ಎಣಿಕೆ.

ಲೆಕ್ಕದವನು (ಎಂಬಿಎ, 2000ದ ದಶಕ)

ಹಿರಿಯರು ಬರೆದುದನ್ನು ಓದಿ ರೋಮಾಂಚನವಾಯಿತು. ಆದರೂ ಎಲ್ಲರೂ ಒಂದೇ ರಾಗ ಹಾಡುತ್ತಿರುವುದರಿಂದ ವಿರುದ್ಧದ ಮಾತನ್ನು ಯಾರಾದರೂ ಹೇಳಲೇಬೇಕಲ್ಲವೇ.

1980ರ ದಶಕದಲ್ಲಿ ನಮ್ಮ ಸುತ್ತ ಏನಾಗುತ್ತಿತ್ತು ನೋಡಿ. ಅರ್ಧ ಗಂಟೆಯ ಹಾದಿಯ, ನಮ್ಮ ಎದುರಾಳಿ ಯೂನಿವರ್ಸಿಟಿ ಆಫ್ ನಾರ್ತ್ ಕ್ಯಾರೊಲೈನಾ ಇರುವ ಚಾಪೆಲ್ ಹಿಲ್‌ನಲ್ಲಿ 1986ರಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಆಸನಗಳ ಡೀನ್ ಸ್ಮಿತ್ ಸೆಂಟರ್ ತಲೆಯೆತ್ತಿತು. ಆಟಗಾರರನ್ನು ಸೆಳೆಯುವ ಪೈಪೋಟಿಯಲ್ಲಿ ನಾವು ತೋರಿಸಬೇಕಿದ್ದುದು ಹವಾನಿಯಂತ್ರಣವಿಲ್ಲದ, ಬುಟ್ಟಿಯ ಹಿಂದಿನ ಸಾವಿರಾರು ಆಸನಗಳಿಂದ ಆಟವೇ ಸರಿಯಾಗಿ ಕಾಣದ ಕಟ್ಟಡವನ್ನು. ಗಾಲಿಕುರ್ಚಿಯಲ್ಲಿ ಬರುವವರು ಆ ಕಡಿದಾದ ಗ್ಯಾಲರಿಯಲ್ಲಿ ಎಲ್ಲಿ ಕೂರಬೇಕಿತ್ತು? ಹಳೆಯ ವಿದ್ಯಾರ್ಥಿಗಳು ಮಕ್ಕಳು ಮರಿ ಕರೆದುಕೊಂಡು ಬಂದರೆ ಕಾರನ್ನು ಎಲ್ಲಿ ನಿಲ್ಲಿಸಬೇಕಿತ್ತು? ಹೊಸ ಅರೀನಾದಲ್ಲಿ ಬ್ಯಾಸ್ಕೆಟ್‌ಬಾಲಿಗೆ ಸುಮಾರು 19,700 ಆಸನಗಳಿವೆ. ಕ್ಯಾರೊಲೈನಾ ಹರಿಕೇನ್ಸ್ ಎಂಬ ವೃತ್ತಿಪರ ಐಸ್ ಹಾಕಿ ತಂಡವೂ ಅಲ್ಲೇ ಆಡುವುದರಿಂದ ಕಟ್ಟಡ ವರ್ಷವಿಡೀ ಖಾಲಿ ಬೀಳುವುದಿಲ್ಲ. ವಿಶ್ವವಿದ್ಯಾಲಯವೊಂದೇ ಅಷ್ಟು ದೊಡ್ಡ ಕಟ್ಟಡದ ಭಾರ ಹೊರುವುದು ಸಾಧ್ಯವಿತ್ತೇ? ರಾಲಿ ಬೆಳೆಯಿತು, ಹತ್ತಿರದ ಸಂಶೋಧನಾ ಉದ್ಯಾನದ (ರಿಸರ್ಚ್ ಟ್ರಯಾಂಗಲ್ ಪಾರ್ಕ್) ಕಂಪನಿಗಳು ಬೆಳೆದವು, ನಮ್ಮವರೇ ನೆರೆಯ ಕ್ಯಾರಿ, ಮೊರಿಸ್‌ವಿಲ್ ಊರುಗಳಲ್ಲಿ ಮನೆ ಕಟ್ಟಿಕೊಂಡರು. ಅವರಿಗೆ ಕ್ಯಾಂಪಸ್ಸಿನ ನಡುವಿನ ಕಟ್ಟಡಕ್ಕಿಂತ ಹೆದ್ದಾರಿ ಬದಿಯ ಅರೀನಾವೇ ಅನುಕೂಲ.

ಹೆಸರು ಮಾತ್ರ ನಿಲ್ಲದೆ ಬದಲಾಗುತ್ತಿರುವುದು ನನಗೂ ಕಿರಿಕಿರಿಯೇ. ಮೊದಲು ರಾಲಿ ಎಂಟರ್‌ಟೇನ್‌ಮೆಂಟ್ ಅಂಡ್ ಸ್ಪೋರ್ಟ್ಸ್ ಅರೀನಾ, ಆಮೇಲೆ ಆರ್‌ಬಿಸಿ ಸೆಂಟರ್, ಪಿಎನ್‌ಸಿ ಅರೀನಾ, ಈಗ 2024ರಿಂದ ಲೆನೊವೊ ಸೆಂಟರ್. ಆದರೆ ಆ ಹೆಸರು ಮಾರಿದ ಹಣವೂ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಮರೆಯಬಾರದು.

ಗಂಟೆಗೋಪುರ

ಲೆಕ್ಕದವರೇ, ನೀವು ಎತ್ತಿದ ಗಾಲಿಕುರ್ಚಿಯ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಅದು ನ್ಯಾಯವಾದ ಮಾತು. ಉಳಿದ ವಿಷಯದಲ್ಲಿ ಒಂದು ಪ್ರತಿಪ್ರಶ್ನೆ ಕೇಳುತ್ತೇನೆ. ನಾವು ಯಾರ ಕಟ್ಟಡವನ್ನು ಮಾದರಿಯಾಗಿ ಇಟ್ಟುಕೊಂಡು ಕಟ್ಟಿದೆವೋ ಆ ಡ್ಯೂಕಿನವರು 1940ರಲ್ಲಿ ತೆರೆದ, ಈಗ ಕ್ಯಾಮೆರಾನ್ ಎಂಬ ಹೆಸರಿರುವ ತಮ್ಮ ಅಂಗಣದಲ್ಲೇ ಇಂದಿಗೂ ಆಡುತ್ತಿದ್ದಾರೆ. ಅಲ್ಲಿರುವುದು 9,314 ಆಸನಗಳು ಮಾತ್ರ. ಅಷ್ಟು ಸಣ್ಣ ಜಾಗ ಅವರಿಗೆ ಆಟಗಾರರನ್ನು ಸೆಳೆಯುವುದಕ್ಕೂ ಪ್ರಶಸ್ತಿ ಗೆಲ್ಲುವುದಕ್ಕೂ ಅಡ್ಡಿಯಾಗಲಿಲ್ಲ. ಬದಲಿಗೆ ಅಂಕಣದ ಅಂಚಿನಲ್ಲೇ ನಿಂತು ಕೂಗುವ ಅವರ ವಿದ್ಯಾರ್ಥಿಗಳು ದೇಶಕ್ಕೇ ಪ್ರಸಿದ್ಧರಾದರು. ಮೂಲದವರು ಉಳಿಸಿಕೊಂಡರು, ನಕಲು ಮಾಡಿದ ನಾವು ಬಿಟ್ಟುಹೋದೆವು.

ವಿದ್ಯಾರ್ಥಿಗಳು ಟಿಕೆಟ್ಟಿಗಾಗಿ ರೆನಾಲ್ಡ್ಸ್ ಹೊರಗೆ ಗುಡಾರ ಹಾಕಿ ರಾತ್ರಿ ಕಳೆಯುತ್ತಿದ್ದುದನ್ನು ನಮ್ಮ ಕಾಲದವರು ನೋಡಿದ್ದಾರೆ. ನಮ್ಮ ಕೋಣೆಯವರೆಲ್ಲ ಸರದಿಯಂತೆ ಕಾವಲು ಕೂರುತ್ತಿದ್ದೆವು. ಒಬ್ಬನು ಪ್ರಯೋಗಾಲಯದಿಂದ ಬಂದರೆ ಇನ್ನೊಬ್ಬನು ತರಗತಿಗೆ ಹೋಗುತ್ತಿದ್ದ. ಅವೆಂಟ್ ಫೆರಿ ರಸ್ತೆಯ ಮನೆಯಿಂದ ಪ್ರೆಷರ್ ಕುಕ್ಕರನ್ನೇ ಹೊತ್ತು ತಂದು, ಬಿಸಿಬೇಳೆಬಾತನ್ನು ಅಕ್ಕಪಕ್ಕದ ಗುಡಾರದ ಅಮೆರಿಕನ್ ಹುಡುಗರಿಗೆ ಹಂಚಿದ್ದೂ ಉಂಟು. ಅವರಿಗೆ ಖಾರ ಹತ್ತಿತೋ ಇಲ್ಲವೋ, ಮರುವಾರ ತಾವಾಗಿಯೇ ತಟ್ಟೆ ಹಿಡಿದು ಬಂದರು. ಊರಾಚೆಯ ವಾಹನ ನಿಲುಗಡೆಯ ಬಯಲಿನಲ್ಲಿ ಇದು ಸಾಧ್ಯವಿಲ್ಲ ಎನ್ನುತ್ತಿಲ್ಲ. ಆದರೆ ನಡುವೆ ಎದ್ದು ತರಗತಿಗೆ ಹೋಗಿ ಬರುವುದಂತೂ ಸಾಧ್ಯವಿಲ್ಲ.

ಇತಿಹಾಸದ ಮೇಜು (ಗ್ರಂಥಾಲಯದಲ್ಲಿ ಅರೆಕಾಲಿಕ ಕೆಲಸ ಮಾಡಿದವನು)

ಚರ್ಚೆ ಸೊಗಸಾಗಿ ಸಾಗಿದೆ. ಆದರೆ ಈ ಕಟ್ಟಡದ ಮೊದಲ ಎರಡು ದಶಕಗಳನ್ನು ಬರಿಯ ಸಂಭ್ರಮವಾಗಿ ನೆನೆಯುವುದು ನನ್ನಿಂದಾಗದು.

ಎವರೆಟ್ ಕೇಸ್ ಈ ಭಾಗದ ಜನರಿಗೆ ಬ್ಯಾಸ್ಕೆಟ್‌ಬಾಲಿನ ಹುಚ್ಚು ಹಿಡಿಸಿದವರು ಎಂಬುದರಲ್ಲಿ ಸಂಶಯವಿಲ್ಲ. ಕ್ರಿಸ್‌ಮಸ್ ಮುಗಿದೊಡನೆ ಮೂರು ದಿನ ನಡೆಯುತ್ತಿದ್ದ ಡಿಕ್ಸಿ ಕ್ಲಾಸಿಕ್ ಟೂರ್ನಿಯನ್ನು 1949ರಲ್ಲಿ ಆರಂಭಿಸಿದವರು ಅವರೇ. ನಮ್ಮ ಸ್ಟೇಟ್, ಚಾಪೆಲ್ ಹಿಲ್, ಡ್ಯೂಕ್, ವೇಕ್ ಫಾರೆಸ್ಟ್ ಎಂಬ ನೆರೆಹೊರೆಯ ನಾಲ್ಕು ತಂಡಗಳಿಗೆ ದೇಶದ ಬೇರೆ ಕಡೆಯ ನಾಲ್ಕು ತಂಡಗಳು ಎದುರಾಗುತ್ತಿದ್ದವು. ನಮ್ಮ ತಂಡವಿರುವ ವಿಶ್ವವಿದ್ಯಾಲಯಗಳ ಕೂಟವಾದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನ ಟೂರ್ನಿಯೂ 1954ರಿಂದ 1966ರವರೆಗೆ ರೆನಾಲ್ಡ್ಸ್‌ನಲ್ಲೇ ನಡೆಯಿತು. ಮೊದಲ ಮೂರು ವರ್ಷ ಗೆದ್ದವರು ನಾವೇ. ಗೆದ್ದ ತಂಡ ಏಣಿ ಹತ್ತಿ ಬುಟ್ಟಿಯ ಬಲೆ ಕತ್ತರಿಸಿಕೊಳ್ಳುವ ಪದ್ಧತಿಯನ್ನು ಕಾಲೇಜು ಆಟಕ್ಕೆ ತಂದವರೂ ಕೇಸ್ ಅವರೇ ಎನ್ನುತ್ತಾರೆ. ಅನಾರೋಗ್ಯದಿಂದ 1964ರಲ್ಲಿ ಅವರು ಹುದ್ದೆ ಬಿಟ್ಟಿದ್ದರು. ಮರುವರ್ಷದ ವಸಂತದಲ್ಲಿ ತಂಡ ರೆನಾಲ್ಡ್ಸ್‌ನಲ್ಲಿ ಡ್ಯೂಕನ್ನು ಮಣಿಸಿ ಕಾನ್ಫರೆನ್ಸ್ ಪ್ರಶಸ್ತಿ ಗೆದ್ದಾಗ ಪ್ರೇಕ್ಷಕರ ನಡುವೆ ಕುಳಿತಿದ್ದ ಅವರನ್ನು ಹುಡುಗರು ಎತ್ತಿ ಹಿಡಿದು ಅವರ ಕೈಯಿಂದಲೇ ಬಲೆ ಕತ್ತರಿಸಿಸಿದರು. ಅವರು 1966ರಲ್ಲಿ ತೀರಿಕೊಂಡರು. ಡ್ಯೂಕ್ ಇರುವ ಡರಮ್ ಕಡೆಗೆ ಪಂದ್ಯಕ್ಕೆ ಹೊರಟ ತಂಡಕ್ಕೆ ಕೈಬೀಸಬಹುದು ಎಂದು ಹೆದ್ದಾರಿಯ ಬದಿಯಲ್ಲೇ ಸಮಾಧಿ ಬೇಕೆಂದು ಕೇಳಿಕೊಂಡಿದ್ದರಂತೆ.

ಇದು ಒಂದು ಮುಖ. ಅದೇ ಡಿಕ್ಸಿ ಕ್ಲಾಸಿಕ್‌ಗೆ 1958ರಲ್ಲಿ ಸಿನ್ಸಿನಾಟಿ ತಂಡದೊಂದಿಗೆ ಬಂದ ಮಹಾನ್ ಆಟಗಾರ ಆಸ್ಕರ್ ರಾಬರ್ಟ್‌ಸನ್ ಕಪ್ಪು ವರ್ಣದವರು ಎಂಬ ಕಾರಣಕ್ಕೆ ಈ ಗ್ಯಾಲರಿಗಳಿಂದ ಹೀನ ಬೈಗುಳಗಳನ್ನು ಕೇಳಬೇಕಾಯಿತು. ಊರಿನ ಹೋಟೆಲುಗಳೂ ಆಗ ವರ್ಣಭೇದ ಪಾಲಿಸುತ್ತಿದ್ದವು. ಜೂಜುಕೋರರಿಂದ ಹಣ ಪಡೆದು ಅಂಕಗಳ ಅಂತರವನ್ನು ಏರುಪೇರು ಮಾಡಿದ ಹಗರಣ ಹೊರಬಿದ್ದ ಮೇಲೆ, 1960ರ ಟೂರ್ನಿಯೇ ಕೊನೆಯದಾಯಿತು. ನಮ್ಮ ಆಟಗಾರರೂ ಅದರಲ್ಲಿ ಸಿಕ್ಕಿಬಿದ್ದಿದ್ದರು. 1966ರ ಜುಲೈ 31ರಂದು ಮಾರ್ಟಿನ್ ಲೂಥರ್ ಕಿಂಗ್ ಇದೇ ರೆನಾಲ್ಡ್ಸ್‌ನಲ್ಲಿ ಭಾಷಣ ಮಾಡಿದರು. ಅದೇ ದಿನ ಅದೇ ಊರಿನಲ್ಲಿ ಬಿಳಿಯರ ಶ್ರೇಷ್ಠತೆ ಸಾರುವ ಕು ಕ್ಲಕ್ಸ್ ಕ್ಲಾನ್ ಸಂಘಟನೆ ಮೆರವಣಿಗೆ ಮಾಡಿತು. ಅಲ್ಲಿಂದ ಒಂದು ದಶಕ ಕಳೆಯುವುದರೊಳಗೆ ಹಿರಿಯರು ವರ್ಣಿಸಿದ ಥಾಂಪ್ಸನ್, ಒಬ್ಬ ಕಪ್ಪು ಯುವಕ, ಆ ರಾಜ್ಯದ ಕಣ್ಮಣಿಯಾದರು. ರೆನಾಲ್ಡ್ಸ್ ಬಗ್ಗೆ ಹೆಮ್ಮೆಪಡುವುದಾದರೆ ಈ ನಡುವಿನ ದೂರವನ್ನೂ ಸೇರಿಸಿಯೇ ಹೆಮ್ಮೆಪಡೋಣ.

ನಲವತ್ತನಾಲ್ಕು

ಇದನ್ನು ಬರೆದದ್ದಕ್ಕೆ ಕೃತಜ್ಞತೆಗಳು. 1973ರ ಹೊತ್ತಿಗೂ ಕೆಲವು ಬೀದಿಗಳಲ್ಲಿ ನಮ್ಮಂಥವರಿಗೆ ಬಾಡಿಗೆ ಮನೆ ಕೊಡಲು ಹಿಂದುಮುಂದು ನೋಡುತ್ತಿದ್ದರು. ಗ್ಯಾಲರಿಯಲ್ಲಿ ಮಾತ್ರ ಪಕ್ಕದವರು, ನಾನು ಎಲ್ಲಿಯವನೆಂದು ಕೇಳುವ ಮೊದಲೇ ಭುಜ ತಟ್ಟಿ ಕುಣಿಯುತ್ತಿದ್ದರು.

ಕೇಟ್ಸ್ ಅವೆನ್ಯೂ (ಸಂಖ್ಯಾಶಾಸ್ತ್ರ, 2000ದ ದಶಕ)

ಇಷ್ಟು ಹೊತ್ತು ಓದುತ್ತಾ ಬಂದ ನನಗೆ ಒಂದು ವಿಷಯ ಅಚ್ಚರಿ ತಂದಿದೆ. 1999ರಲ್ಲಿ ರೆನಾಲ್ಡ್ಸ್ ಬರಿದಾಯಿತು ಎಂದು ಎಲ್ಲರೂ ಬರೆಯುತ್ತಿದ್ದೀರಿ. ಬರಿದಾಗಲಿಲ್ಲ, ಮಹನೀಯರೇ! ಮಹಿಳೆಯರ ತಂಡ ಆಗಲೂ ಅಲ್ಲೇ ಆಡುತ್ತಿತ್ತು, ಈಗಲೂ ಅಲ್ಲೇ ಆಡುತ್ತಿದೆ. ವಾಲಿಬಾಲ್, ಕುಸ್ತಿ, ಜಿಮ್ನಾಸ್ಟಿಕ್ಸ್ ಕೂಡ ಅಲ್ಲಿಯೇ ನಡೆಯುತ್ತವೆ. ನಾನು ಸೇರುವ ಹೊತ್ತಿಗೆ ಪುರುಷರ ತಂಡ ಹೋಗಿ ವರ್ಷಗಳೇ ಆಗಿದ್ದವು. ನನ್ನ ಪಾಲಿನ ರೆನಾಲ್ಡ್ಸ್ ಎಂದರೆ ಕೇ ಯಾವ್ ಅವರದು.

1975ರಿಂದ ಸ್ಟೇಟ್ ಮಹಿಳಾ ತಂಡಕ್ಕೆ ತರಬೇತಿ ಕೊಟ್ಟ ಕೇ ಯಾವ್, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದ ಕೋಚ್ ಕೂಡ ಆಗಿದ್ದರು. ಸ್ತನ ಕ್ಯಾನ್ಸರ್ ಮತ್ತೆ ಮತ್ತೆ ಮರಳಿದರೂ ಬೆಂಚಿನ ಬಳಿ ಬಂದು ನಿಲ್ಲುತ್ತಿದ್ದ ಆಕೆಯನ್ನು ನೋಡಲೆಂದೇ ಆಟ ಗೊತ್ತಿಲ್ಲದ ನಾನೂ ಹೋಗುತ್ತಿದ್ದೆ. 2007ರ ಫೆಬ್ರವರಿ 16ರಂದು ರೆನಾಲ್ಡ್ಸ್ ಅಂಕಣಕ್ಕೆ ಅವರ ಹೆಸರಿಟ್ಟರು. ಅದೇ ರಾತ್ರಿ ದೇಶದಲ್ಲಿ ಎರಡನೆಯ ಸ್ಥಾನದಲ್ಲಿದ್ದ ಚಾಪೆಲ್ ಹಿಲ್ ತಂಡವನ್ನು ನಮ್ಮ ಹುಡುಗಿಯರು ಸೋಲಿಸಿದರು. ಹಳೆಯ ಕಾಲದವರು ಹೇಳುವ ಗದ್ದಲ ಅದೇ ಇರಬೇಕು. ಪಕ್ಕದವಳು ನನ್ನ ಕಿವಿಗೆ ಬಾಯಿಟ್ಟು ಹೇಳಿದ್ದೂ ಕೇಳಿಸಲಿಲ್ಲ. 2009ರ ಜನವರಿಯಲ್ಲಿ ಅವರು ತೀರಿಕೊಂಡರು.

ಇದೇ ಅಂಗಣದಲ್ಲಿ ಪುರುಷರ ತಂಡದ ಕೋಚ್ ಆಗಿದ್ದ ಜಿಮ್ ವಲ್ವಾನೋ ಅವರಿಗೂ ಇಂಥದ್ದೇ ಒಂದು ಸಂಜೆ ದಕ್ಕಿತ್ತು. 1983ರ ರಾಷ್ಟ್ರೀಯ ಟೂರ್ನಿಯ ಫೈನಲ್‌ನಲ್ಲಿ ಕೊನೆಯ ಕ್ಷಣದಲ್ಲಿ ಡೆರೆಕ್ ವಿಟ್ಟನ್‌ಬರ್ಗ್ ದೂರದಿಂದ ಎಸೆದ, ಗುರಿ ತಲುಪದ ಚೆಂಡನ್ನು ಲೊರೆಂಜೊ ಚಾರ್ಲ್ಸ್ ಹಿಡಿದು ಬುಟ್ಟಿಯೊಳಗೆ ಬಡಿದು, ಹ್ಯೂಸ್ಟನ್ ತಂಡವನ್ನು 54–52ರಿಂದ ಸೋಲಿಸಿದ್ದು ಎಲ್ಲರಿಗೂ ಗೊತ್ತು. ತನಿಖೆ, ಟೀಕೆಗಳ ನಡುವೆ 1990ರಲ್ಲಿ ವಲ್ವಾನೋ ಕಾಲೇಜು ಬಿಟ್ಟರು. 1983ರ ತಂಡದ ಹತ್ತನೆಯ ವರ್ಷದ ನೆನಪಿಗೆ 1993ರ ಫೆಬ್ರವರಿ 21ರಂದು ಕ್ಯಾನ್ಸರಿನಿಂದ ಬಳಲುತ್ತಲೇ ರೆನಾಲ್ಡ್ಸ್‌ಗೆ ಮರಳಿ ಬಂದು ಮಾತನಾಡಿದರು. ದೂರದರ್ಶನದಲ್ಲಿ ಜಗತ್ತೇ ಕೇಳಿದ ಅವರ ಪ್ರಸಿದ್ಧ ಭಾಷಣ ನಡೆದದ್ದು ಅದಾದ ಮೇಲೆ, ಮಾರ್ಚ್ ತಿಂಗಳಲ್ಲಿ. ಎಂದಿಗೂ ಕೈಚೆಲ್ಲಬೇಡಿ ಎಂಬ ಮಾತನ್ನು ಮೊದಲು ಕೇಳಿದವರು ನಮ್ಮ ಗ್ಯಾಲರಿಯವರು. ಏಪ್ರಿಲ್‌ನಲ್ಲಿ ಅವರು ಇಲ್ಲವಾದರು. 2018ರಿಂದ ಒಳಗಿನ ಅಂಗಣಕ್ಕೆ ವಲ್ವಾನೋ ಹೆಸರು, ಅಂಕಣಕ್ಕೆ ಕೇ ಯಾವ್ ಹೆಸರು.

5,500 ಆಸನಗಳಿಗೆ ಇಳಿಯಿತು ಎಂದು ಗಂಟೆಗೋಪುರ ಸರ್ ಕೊರಗುತ್ತಾರೆ. ನವೀಕರಣದ ನಂತರ ಬುಟ್ಟಿ ಎಲ್ಲ ಕಡೆಯಿಂದಲೂ ಕಾಣುತ್ತದೆ, ಬೇಸಿಗೆಯಲ್ಲಿ ಬೆವರು ಸುರಿಯುವುದಿಲ್ಲ, ಗಾಲಿಕುರ್ಚಿಗೆ ಜಾಗವಿದೆ. 2020, 2021, 2022ರಲ್ಲಿ ಸತತವಾಗಿ ಕಾನ್ಫರೆನ್ಸ್ ಟೂರ್ನಿ ಗೆದ್ದ ಮಹಿಳಾ ತಂಡ ಆ ಆಸನಗಳನ್ನು ತುಂಬಿಸುತ್ತಲೂ ಇದೆ. ನೀವು ಬಯಸುವ, ಹಾಸ್ಟೆಲಿನಿಂದ ನಡೆದು ಹೋಗಬಹುದಾದ ಬ್ಯಾಸ್ಕೆಟ್‌ಬಾಲ್ ಕಳೆದುಹೋಗಿಲ್ಲ. ನೋಡುವುದನ್ನು ನಿಲ್ಲಿಸಿದವರು ನೀವು.

ಹ್ಯಾರೆಲ್ಸನ್ ಸಂತ್ರಸ್ತ

ಮೇಡಂ ಹೇಳಿದ ಕೊನೆಯ ವಾಕ್ಯಕ್ಕೆ ಉತ್ತರ ಕೊಡುವ ಮುಖ ನನಗಿಲ್ಲ.

ಹೊಸಬ (ಕಂಪ್ಯೂಟರ್ ವಿಜ್ಞಾನ, ಈಗಿನ ವಿದ್ಯಾರ್ಥಿ)

ನಿಮ್ಮೆಲ್ಲರ ಮಾತು ಓದಿ ನನ್ನದೂ ಒಂದು ಸೇರಿಸುತ್ತಿದ್ದೇನೆ. 2024ರ ಮಾರ್ಚ್‌ನಲ್ಲಿ ಪುರುಷರ ತಂಡ ಕಾನ್ಫರೆನ್ಸ್ ಟೂರ್ನಿಗೆ ಹತ್ತನೆಯ ಶ್ರೇಯಾಂಕದಲ್ಲಿ ಹೋಗಿ ಐದು ದಿನಗಳಲ್ಲಿ ಐದು ಪಂದ್ಯ ಗೆದ್ದಿತು. ಆಮೇಲೆ ಪುರುಷರು, ಮಹಿಳೆಯರು ಎರಡೂ ತಂಡಗಳು ರಾಷ್ಟ್ರೀಯ ಟೂರ್ನಿಯ ಅಂತಿಮ ನಾಲ್ಕರ ಹಂತ ತಲುಪಿದವು. ಎರಡೂ ಸೆಮಿಫೈನಲ್‌ನಲ್ಲಿ ಸೋತವು, ಅದು ಬೇರೆ ಮಾತು. ಗೆದ್ದ ಪ್ರತಿ ರಾತ್ರಿಯೂ ನಾವು ಓಡಿದ್ದು ಹಿಲ್ಸ್‌ಬರೊ ಸ್ಟ್ರೀಟಿನ ಗೋಪುರದ ಬಳಿಗೆ. ಗೋಪುರಕ್ಕೆ ಕೆಂಪು ಬೆಳಕು ಹಾಕಿದ್ದರು. ಯಾರಿಗೂ ಅರೀನಾದ ಕಡೆ ಹೋಗಬೇಕೆಂದು ತೋಚಲಿಲ್ಲ. ಆ ಮಟ್ಟಿಗೆ ಗಂಟೆಗೋಪುರ ಸರ್ ಅವರ ವಾದ ನನಗೆ ಒಪ್ಪಿಗೆಯಾಗುತ್ತದೆ. ಆದರೆ ಅರೀನಾದಲ್ಲಿ ಸ್ನೇಹಿತರೊಂದಿಗೆ ನೋಡಿದ ಪಂದ್ಯಗಳೇ ನನಗೆ ಮುಂದೆ ಹಳೆಯ ನೆನಪಾಗುತ್ತವೆ ಎಂಬುದನ್ನೂ ಹಿರಿಯರು ಒಪ್ಪಬೇಕು. ಬಸ್ಸಿನಲ್ಲಿ ಒತ್ತಿಕೊಂಡು ಹಾಡುತ್ತಾ ಹೋಗುವುದರಲ್ಲೂ ಒಂದು ಸುಖವಿದೆ.

ಪುರುಷರ ತಂಡವೂ ಹಳೆಯ ದಿನಗಳ ನೆನಪಿಗೆಂದು ಆಗಾಗ ಒಂದು ಪಂದ್ಯವನ್ನು ರೆನಾಲ್ಡ್ಸ್‌ನಲ್ಲಿ ಆಡುತ್ತದೆ. ಊರಿನಲ್ಲಿರುವವರು ಒಟ್ಟಾಗಿ ಹೋಗೋಣವೇ?

ಕೇಟ್ಸ್ ಅವೆನ್ಯೂ

ಅದಕ್ಕಾಗಿ ಕಾಯುವುದೇಕೆ? ಮಹಿಳೆಯರ ಪಂದ್ಯಕ್ಕೇ ಹೋಗೋಣ. ಪಂದ್ಯಕ್ಕೆ ಒಂದು ಗಂಟೆ ಮುಂಚೆ ಬಂದರೆ ಒಳಗಿನ ಪಡಸಾಲೆಯಲ್ಲಿ ಸ್ಟೇಟ್ ಕ್ರೀಡಾ ಇತಿಹಾಸವನ್ನು ಚಿತ್ರ, ಟ್ರೋಫಿಗಳೊಂದಿಗೆ ಜೋಡಿಸಿಟ್ಟಿರುವುದನ್ನೂ ನೋಡಬಹುದು. ವಾರಾಂತ್ಯದ ಪಂದ್ಯಗಳ ಪಟ್ಟಿ ನೋಡಿ ಟಿಕೆಟ್ ತೆಗೆಯುವ ಕೆಲಸ ನನಗಿರಲಿ. ಎಷ್ಟು ಮಂದಿ ಬರುತ್ತೀರಿ ಎಂದು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.

ನಲವತ್ತನಾಲ್ಕು

ನನ್ನದೂ ನನ್ನ ಮನೆಯವರದೂ ಸೇರಿಸಿ ಎರಡು. ಮಂಡಿ ಮಾತು ಕೇಳುವುದಿಲ್ಲವಾದ್ದರಿಂದ ಕೆಳಗಿನ ಸಾಲಿನಲ್ಲೇ ತೆಗೆಯಿರಿ, ತಾಯಿ. ಲೆಕ್ಕದವರು ಕಾರು ತರುವುದಾದರೆ ಎಲ್ಲಿ ನಿಲ್ಲಿಸಬೇಕೆಂದು ನಾನು ತೋರಿಸುತ್ತೇನೆ.